ಕಡಿಮೆ ಹುರಿದಷ್ಟೂ ಕಾಣುವ ತೋಟ

ಕಾಫಿ ಬೆಳೆಯುವ ಸೀಮೆಯಲ್ಲೇ ಒಳ್ಳೆಯ ಕಾಫಿ ಕುಡಿಯಲು ಸಿಗುವುದು ಕಷ್ಟ ಎಂದರೆ ಬಯಲುಸೀಮೆಯ ನೆಂಟರು ನಂಬುವುದಿಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಲ್ಲಿ ಉಪಚಾರಕ್ಕೆ ಕೊರತೆಯಿಲ್ಲ. ಜಗಲಿ ಹತ್ತಿ ಕೂರುವುದರೊಳಗೆ ಲೋಟ ಕೈಗೆ ಬಂದಿರುತ್ತದೆ. ಆದರೆ ಆ ಲೋಟದೊಳಗೆ ಇರುವುದು ಆ ತೋಟದ ಉತ್ತಮ ಬೀಜವಲ್ಲ. ದಪ್ಪನೆಯ, ಒಂದೇ ಗಾತ್ರದ, ಕಲೆಯಿಲ್ಲದ ಬೀಜಗಳು, ಹೊಟ್ಟು ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್ ದಾಟಿ ಹಡಗು ಹತ್ತುತ್ತವೆ. ನೆಲಕ್ಕೆ ಉದುರಿದ್ದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಲ್ಲಿ ಒಡೆದದ್ದು, ಕಪ್ಪಾದದ್ದು ಮನೆಗೆ ಉಳಿಯುತ್ತವೆ. ಅವನ್ನು ಬಾಣಲೆಯಲ್ಲಿ ಎಣ್ಣೆ ಒಸರುವವರೆಗೆ ಹುರಿದು, ಚಿಕೋರಿ ಬೆರೆಸಿ, ಗಟ್ಟಿ ಹಾಲು ಮತ್ತು ಬೆಲ್ಲ ಸೇರಿಸಿದರೆ ನಮ್ಮ ಮಲೆನಾಡಿನ ಕಾಫಿ ಸಿದ್ಧ. ನಾನು ಹುಟ್ಟಿದಂದಿನಿಂದ ಕುಡಿದದ್ದು ಅದನ್ನೇ, ಈಗಲೂ ಬೆಳಗಿನ ಮೊದಲ ಲೋಟ ಅದೇ, ಮತ್ತು ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಮಳೆಗಾಲದ ಬೆಳಗಿಗೆ ಅದಕ್ಕಿಂತ ತಕ್ಕ ಪಾನೀಯವನ್ನು ನಾನು ಕಂಡಿಲ್ಲ. ಆದರೆ ಅದು ಹುರಿತದ, ಚಿಕೋರಿಯ ಮತ್ತು ಹಾಲಿನ ರುಚಿಯೇ ಹೊರತು ತೋಟದ ರುಚಿಯಲ್ಲ ಎಂಬುದನ್ನು ಅರಿಯಲು ನನಗೆ ಕೊಪ್ಪದ ಆಚೆಗಿನ, ಬೀಜವನ್ನು ಕಡಿಮೆ ಹುರಿಯುವ ಒಂದು ಸಣ್ಣ ಘಟಕಕ್ಕೆ ಹೋಗಬೇಕಾಯಿತು.

ಈ ಸ್ಥಿತಿ ಬರಿಯ ರೂಢಿಯಿಂದ ಬಂದದ್ದಲ್ಲ, ಕಾನೂನಿನ ಪಾಲೂ ಇದರಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿ ಬೆಳೆಗಾರರು ಕಂಗೆಟ್ಟಾಗ ಅವರನ್ನು ಉಳಿಸಿಕೊಳ್ಳಲು ಬಂದ 1942ರ ಕಾಫಿ ಕಾಯಿದೆಯು, ಮನೆಬಳಕೆಗೆ ಮತ್ತು ಬಿತ್ತನೆಗೆ ಅನುಮತಿ ಇದ್ದಷ್ಟನ್ನು ಬಿಟ್ಟು ಉಳಿದ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕೆಂದು ವಿಧಿಸಿತು. ಅಲ್ಲಿ ಎಲ್ಲರ ಕಾಫಿಯೂ ದರ್ಜೆಗೆ ತಕ್ಕಂತೆ ಒಟ್ಟುಗೂಡಿ ಹರಾಜಾಗುತ್ತಿತ್ತು. ಬೆಲೆ ಕುಸಿದ ವರ್ಷಗಳಲ್ಲಿ ಸಣ್ಣ ಬೆಳೆಗಾರನನ್ನು ಈ ಏರ್ಪಾಡು ಕಾಪಾಡಿದ್ದುಂಟು. ಅದನ್ನು ಹಳಿಯುವವರು ಈ ಮಾತನ್ನು ಮರೆಯಬಾರದು. ಆದರೆ ಅದರ ಇನ್ನೊಂದು ಪರಿಣಾಮವೆಂದರೆ, ನನ್ನ ತೋಟದ ಕಾಫಿ ಪಕ್ಕದ ತೋಟದ ಕಾಫಿಗಿಂತ ಹೇಗೆ ಬೇರೆ ಎಂದು ಕೇಳುವ ಕಾರಣವೇ ಯಾರಿಗೂ ಉಳಿಯಲಿಲ್ಲ. 1990ರ ದಶಕದ ಮೊದಲರ್ಧದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಇಂದು ಅಲ್ಲಲ್ಲಿ ತಲೆಯೆತ್ತಿರುವ ಸಣ್ಣ ಹುರಿಯುವ ಘಟಕಗಳೆಲ್ಲ ಆ ಬದಲಾವಣೆಯ ತಡವಾದ ಫಸಲು.

ನನ್ನೊಂದಿಗೆ ಬಂದವರು ನನ್ನ ಭಾವ. ಹೊಸನಗರ ತಾಲ್ಲೂಕಿನಲ್ಲಿ ಅವರಿಗೆ ಅಡಿಕೆ ತೋಟವಿದೆ. ಅಡಿಕೆಯ ನಡುವಿನ ಜಾಗದಲ್ಲಿ, ತಗ್ಗಿನ ತೋಟಗಳಿಗೆ ಒಗ್ಗುವ ರೊಬಸ್ಟಾ ಜಾತಿಯ ಕಾಫಿ ಮತ್ತು ಮರಗಳಿಗೆ ಹಬ್ಬಿಸಿದ ಕಾಳುಮೆಣಸು ಇವೆ. ಕಾಫಿಯನ್ನು ಅವರು ಬೆಳೆ ಎಂದು ಪರಿಗಣಿಸಿದ್ದೇ ಇತ್ತೀಚೆಗೆ, ರೊಬಸ್ಟಾದ ಬೆಲೆ ಏರಿದ ಮೇಲೆ. ಕಾಫಿ ರುಚಿ ನೋಡಲು ಇಷ್ಟು ದೂರ ಹೋಗುವುದು ಅವರ ದೃಷ್ಟಿಯಲ್ಲಿ ಶುದ್ಧ ಕೆಲಸಗೇಡಿತನವಾದರೂ ಕೊಪ್ಪದಲ್ಲಿ ಅವರಿಗೆ ಬೇರೆ ಕೆಲಸವಿದ್ದುದರಿಂದ ಒಪ್ಪಿದರು. ಮಳೆ ಹಿಂದೆ ಸರಿದು ತೋಟಗಳಲ್ಲಿ ಕಾಯಿ ಇನ್ನೂ ಹಸಿರಾಗಿದ್ದ ಕಾಲ. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಯವರೆಗೆ ತುಂಗೆ ಜೊತೆಗಿರುತ್ತದೆ. ಅಲ್ಲಿಂದ ಕೊಪ್ಪಕ್ಕೆ ಏರುವಷ್ಟರಲ್ಲಿ ಅಡಿಕೆ ಕಡಿಮೆಯಾಗಿ, ಸಿಲ್ವರ್ ಓಕ್ ಮರಗಳ ಕೆಳಗೆ ಕಾಫಿ ಗಿಡಗಳ ಸಾಲು ಹೆಚ್ಚುತ್ತ ಹೋಗುತ್ತದೆ.

ಘಟಕವೆಂದರೆ ಹಳೆಯ ಗೋದಾಮಿನ ಅರ್ಧ ಭಾಗ. ನಡೆಸುವವರು ಗಂಡ ಹೆಂಡತಿ ಇಬ್ಬರೇ, ಪ್ಯಾಕಿಂಗಿಗೆ ಊರಿನ ಇಬ್ಬರು ಹೆಣ್ಣುಮಕ್ಕಳು. ಗಂಡ ಹಿಂದೆ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜ ದರ್ಜೆ ಮಾಡುವ ವಿಭಾಗದಲ್ಲಿದ್ದವರು. ಹೀಗಾಗಿ ಅವರ ಮಾತು ಹೂವು, ಹಣ್ಣು, ಪರಿಮಳ ಎಂದು ಆರಂಭವಾಗದೆ ತೇವಾಂಶ, ಜರಡಿ, ದೋಷದ ಬೀಜ ಎಂದು ಆರಂಭವಾಯಿತು. ಇದು ನನಗೆ ಹಿಡಿಸಿತು. ಪೇಟೆಯ ಕೆಲವು ಕೆಫೆಗಳಲ್ಲಿ ಇದೇ ವಿಷಯವನ್ನು ಪೂಜಾವಿಧಿಯ ಗಾಂಭೀರ್ಯದಿಂದ ವಿವರಿಸುವುದನ್ನು ಕೇಳಿ ದಣಿದಿದ್ದೆ.

ಮೂಲೆಯಲ್ಲಿ ಮರದ ಹಲಗೆಗಳ ಮೇಲೆ ಚೀಲಗಳು ಜೋಡಿಸಿದ್ದವು. ಸೆಣಬಿನ ಚೀಲದೊಳಗೆ ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲ. ಮಲೆನಾಡಿನ ಮಳೆಗಾಲದಲ್ಲಿ ಹಸಿ ಬೀಜವನ್ನು ಕಾಪಾಡುವುದೇ ಅರ್ಧ ಕೆಲಸ ಎಂದು ಅವರು ಹೇಳಿದರು. ಒಣಗಿಸಿದ ಬೀಜದಲ್ಲಿ ಶೇ. 10ರಿಂದ 12ರಷ್ಟು ನೀರಿನಂಶ ಇರಬೇಕು. ಅದಕ್ಕಿಂತ ಏರಿದರೆ ಬೂಷ್ಟು, ತೀರಾ ಇಳಿದರೆ ಬೀಜ ಸತ್ವಹೀನ. ನಮ್ಮ ಜುಲೈ ತಿಂಗಳ ಗಾಳಿಗೆ ತೆರೆದಿಟ್ಟರೆ ಬೀಜ ತೇವ ಹೀರಿ, ಉಬ್ಬಿ, ಬಣ್ಣ ಕಳೆದುಕೊಳ್ಳುತ್ತದೆ. ಕರಾವಳಿಯ ಮಂಗಳೂರಿನಲ್ಲಿ ಬೇಕೆಂದೇ ಹೀಗೆ ಮಾಡಿ ‘ಮಾನ್ಸೂನ್ಡ್ ಮಲಬಾರ್’ ಎಂದು ಮಾರುತ್ತಾರೆ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಹಾಯಿಹಡಗುಗಳ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಯುರೋಪ್ ಸೇರುತ್ತಿದ್ದ ಕಾಫಿಯ ರುಚಿಯನ್ನು ಅಲ್ಲಿನವರು ಬಯಸಿದ್ದರಿಂದ ಹುಟ್ಟಿದ ಪದ್ಧತಿಯಿದು. ಹುಳಿಯೆಲ್ಲ ಇಳಿದು ಮಣ್ಣಿನ ವಾಸನೆಯ, ಭಾರವಾದ ಆ ಕಾಫಿಗೆ ಅದರದೇ ಅಭಿಮಾನಿಗಳಿದ್ದಾರೆ. ಕಡಿಮೆ ಹುರಿಯಬೇಕಾದವರಿಗೆ ಮಾತ್ರ ಅದು ಬೇಡ, ಏಕೆಂದರೆ ಅವರಿಗೆ ಬೇಕಾದ ಹುಳಿಯೇ ಅದರಲ್ಲಿ ಉಳಿದಿರುವುದಿಲ್ಲ.

ಹುರಿಯುವ ಯಂತ್ರ ಒಂದು ಬಾರಿಗೆ ಐದು ಕಿಲೋ ಹಿಡಿಯುವ ಉರುಟು ಡ್ರಮ್ಮು. ಕೆಳಗೆ ಗ್ಯಾಸ್ ಉರಿ, ಹಿಂದೆ ಹೊಗೆ ಮತ್ತು ಬೀಜದ ಸಿಪ್ಪೆಯನ್ನು ಎಳೆದುಕೊಳ್ಳುವ ಕೊಳವೆ, ಮುಂದೆ ಬೀಜ ತಣಿಸುವ ತೂತಿನ ತಟ್ಟೆ. ಡ್ರಮ್ಮಿನೊಳಗಿನ ಉಷ್ಣಮಾಪಕ ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆ ಎಳೆಯುತ್ತಿರುತ್ತದೆ. ಅಂದು ಅವರು ಹುರಿದದ್ದು ಬಾಬಾಬುಡನ್‌ಗಿರಿಯ ಇಳಿಜಾರಿನ ಒಂದು ತೋಟದ, ಎತ್ತರಕ್ಕೆ ಒಗ್ಗುವ ಅರೇಬಿಕಾ ಜಾತಿಯ ಎಸ್.795 ತಳಿ. ಯೆಮೆನ್‌ನ ಮೋಕಾ ಬಂದರಿನಿಂದ ಬಾಬಾ ಬುಡನ್ ಏಳು ಬೀಜ ತಂದು ನೆಟ್ಟರೆಂಬ ಐತಿಹ್ಯವಿರುವುದು ಆ ಗಿರಿಯ ಬಗ್ಗೆಯೇ. ಅಲ್ಲಿನ ಅರೇಬಿಕಾಕ್ಕೆ 2019ರಲ್ಲಿ ಪ್ರತ್ಯೇಕ ಭೌಗೋಳಿಕ ಸೂಚಕವೂ ಸಿಕ್ಕಿತು. ತಳಿ ಮಾತ್ರ ಇತ್ತೀಚಿನದು. 1925ರಲ್ಲಿ ಮೈಸೂರು ಸಂಸ್ಥಾನವು ಬಾಳೆಹೊನ್ನೂರಿನ ಬಳಿ ಸ್ಥಾಪಿಸಿದ ಸಂಶೋಧನಾ ಕೇಂದ್ರದಲ್ಲಿ, ಎಲೆತುಕ್ಕು ರೋಗವನ್ನು ತಾಳಿಕೊಳ್ಳಲೆಂದು ಎಸ್.288 ಮತ್ತು ಕೆಂಟ್ಸ್ ತಳಿಗಳನ್ನು ಕೂಡಿಸಿ ಪಡೆದದ್ದು ಇದು. 1940ರ ದಶಕದಿಂದ ನಮ್ಮ ಬೆಟ್ಟಗಳನ್ನು ಆವರಿಸಿಕೊಂಡಿದೆ. ರೋಗಕ್ಕೆ ಉತ್ತರವಾಗಿ ಹುಟ್ಟಿದ ಈ ತಳಿಯ ಲೋಟದ ಗುಣವೂ ಚೆನ್ನಾಗಿರುವುದು ನಮ್ಮ ಭಾಗ್ಯ.

ಬೀಜ ಡ್ರಮ್ಮಿಗೆ ಬಿದ್ದ ಮೊದಲ ಕೆಲವು ನಿಮಿಷ ನೋಡಲು ಏನೂ ಇರುವುದಿಲ್ಲ. ಹಸಿರು ಬೀಜ ನಿಧಾನವಾಗಿ ಹಳದಿಗೆ ತಿರುಗುತ್ತದೆ, ಹಸಿ ಹುಲ್ಲಿನ ವಾಸನೆ ಬೇಯುವ ಧಾನ್ಯದ ವಾಸನೆಯಾಗುತ್ತದೆ. ಆತ ಆಗಾಗ ಸಣ್ಣ ಸೌಟಿನಂಥ ಸಾಧನವನ್ನು ಡ್ರಮ್ಮಿನ ಮುಖಕ್ಕೆ ತೂರಿಸಿ, ಹತ್ತಿಪ್ಪತ್ತು ಬೀಜ ಹೊರಗೆಳೆದು, ಮೂಗಿಗೆ ಹಿಡಿದು, ಮತ್ತೆ ಒಳಗೆ ತಳ್ಳುತ್ತಿದ್ದರು. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬೀಜದ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಒಂದರೊಡನೊಂದು ವರ್ತಿಸಿ ಕಂದು ಬಣ್ಣವನ್ನೂ ನೂರಾರು ಬಗೆಯ ಪರಿಮಳವನ್ನೂ ಹುಟ್ಟಿಸುತ್ತವೆ. ದೋಸೆಯ ಕೆಂಪು ಅಂಚಿನಲ್ಲಿ ನಡೆಯುವುದೂ ಇದೇ ಮೈಲಾರ್ಡ್ ಕ್ರಿಯೆ. 200 ಡಿಗ್ರಿಯ ಆಸುಪಾಸಿನಲ್ಲಿ ಬೀಜದೊಳಗಿನ ಆವಿ ಮತ್ತು ಅನಿಲದ ಒತ್ತಡ ತಾಳಲಾರದೆ ಬೀಜ ಬಿರಿಯುತ್ತದೆ. ಬಿಸಿ ಮರಳಿನಲ್ಲಿ ಭತ್ತ ಅರಳಾಗುವಾಗ ಬರುವ ಚಟಪಟ ಸದ್ದು ಅದು, ಸ್ವಲ್ಪ ದಪ್ಪ. ಈ ಕೆಲಸದಲ್ಲಿರುವವರು ಅದನ್ನು ಫಸ್ಟ್ ಕ್ರ್ಯಾಕ್ ಎನ್ನುತ್ತಾರೆ.

ಆ ಸದ್ದಿನ ಅನಂತರದ ಒಂದೆರಡು ನಿಮಿಷಗಳಲ್ಲೇ ಎಲ್ಲವೂ ನಿರ್ಧಾರವಾಗುತ್ತದೆ. ನಮ್ಮ ಮನೆಗಳ ಬಾಣಲೆಯಲ್ಲಿ ಇಲ್ಲಿ ನಿಲ್ಲಿಸುವ ಪದ್ಧತಿಯೇ ಇರಲಿಲ್ಲ. 225 ಡಿಗ್ರಿಯ ಸುಮಾರಿಗೆ ಎರಡನೆಯ, ಸಣ್ಣಗಿನ ಸಿಡಿತ ಕೇಳಿ, ಬೀಜದ ಮೈಮೇಲೆ ಎಣ್ಣೆ ಮಿಂಚಿದ ಮೇಲೆಯೇ ಇಳಿಸುವುದು. ಈತ ಮೊದಲ ಸಿಡಿತ ಮುಗಿಯುತ್ತಿದ್ದಂತೆಯೇ ಬಾಗಿಲು ತೆರೆದುಬಿಟ್ಟರು. ತಟ್ಟೆಗೆ ಬಿದ್ದ ಬೀಜದ ಬಣ್ಣ ಹುಣಸೆ ಬೀಜಕ್ಕಿಂತ ತಿಳಿಯಾಗಿತ್ತು, ಮೈ ಒಣಗಿತ್ತು, ಎಣ್ಣೆಯ ಸುಳಿವಿರಲಿಲ್ಲ. “ಇಷ್ಟಕ್ಕೇ ತೆಗೆದ್ರಾ? ಇನ್ನೂ ಹಸಿ ಇದ್ದಂಗಿದೆಯಲ್ಲ ಮಾರಾಯ್ರೆ” ಎಂದರು ಭಾವ. ಆತ ನಕ್ಕು, ಒಂದು ಬೀಜವನ್ನು ಹಲ್ಲಿಗೆ ಕೊಟ್ಟು ಮುರಿಯಲು ಹೇಳಿದರು. ಹಸಿ ಉಳಿದಿದ್ದರೆ ಬೀಜ ಹಲ್ಲಿಗೆ ಜಗ್ಗುತ್ತದೆ, ಗರಿಗರಿಯಾಗಿ ಪುಡಿಯಾದರೆ ಒಳಗಿನವರೆಗೆ ಬೆಂದಿದೆ ಎಂದರ್ಥ. ಅದು ಗರಿಗರಿಯಾಗಿಯೇ ಮುರಿಯಿತು. ಕಡಿಮೆ ಹುರಿಯುವುದೆಂದರೆ ಅರೆಬೆಂದ ಬೀಜ ಕೊಡುವುದಲ್ಲ. ಹೊರಗಿನ ಬಣ್ಣ ಏರುವ ಮೊದಲೇ ಒಳಗಿನ ತಿರುಳು ಬೇಯುವಂತೆ ಉರಿಯನ್ನು ಆಡಿಸುವುದರಲ್ಲಿ ಕೌಶಲವಿದೆ. ಮಾರುಕಟ್ಟೆಯಲ್ಲಿ ಲೈಟ್ ರೋಸ್ಟ್ ಎಂದು ಮಾರುವ ಎಲ್ಲರಿಗೂ ಇದು ಒಲಿದಿಲ್ಲ. ಹುಲ್ಲಿನ ವಾಸನೆಯ ಹುಳಿನೀರನ್ನು ದುಬಾರಿ ಬೆಲೆಗೆ ಕೊಂಡು, ತಮ್ಮ ನಾಲಗೆಯೇ ಸರಿಯಿಲ್ಲ ಎಂದುಕೊಂಡು ಸುಮ್ಮನಾದವರು ಬಹಳ ಮಂದಿ ಇರಬೇಕು. ಅವರ ನಾಲಗೆ ಸರಿಯಾಗಿಯೇ ಇದೆ.

ರುಚಿ ನೋಡುವ ಮೇಜಿನ ಉಸ್ತುವಾರಿ ಆತನ ಹೆಂಡತಿಯದು. ಅಂದೇ ಹುರಿದ ಬೀಜವನ್ನು ಅವರು ಮುಟ್ಟಲಿಲ್ಲ. ಹುರಿದ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಲು ಕೆಲವು ದಿನ ಬೇಕು, ಲೈಟ್ ರೋಸ್ಟಿಗೆ ಇನ್ನಷ್ಟು ಬೇಕು. ಹಿಂದಿನ ವಾರದ ಬೀಜಗಳನ್ನು ತೆಗೆದು, ಒಂದೊಂದು ಬಟ್ಟಲಿಗೆ 8.25 ಗ್ರಾಂ ಪುಡಿ, 150 ಮಿಲಿಲೀಟರ್ ಬಿಸಿನೀರು. ಹಾಲಿಲ್ಲ, ಸಕ್ಕರೆಯಿಲ್ಲ, ಸೋಸುವುದೂ ಇಲ್ಲ. ನಾಲ್ಕು ನಿಮಿಷದ ಮೇಲೆ ಮೇಲ್ಗಡೆ ಕಟ್ಟಿದ ಪುಡಿಯ ಕೆನೆಯನ್ನು ಚಮಚದ ಹಿಂಬದಿಯಿಂದ ಸರಿಸಿ, ಏಳುವ ಆವಿಗೆ ಮೂಗು ಕೊಡಬೇಕು. ಅನಂತರ ನೊರೆ ತೆಗೆದು, ಆರಲು ಬಿಟ್ಟು, ಚಮಚದಿಂದ ಸೊರ್ರನೆ ಹೀರಬೇಕು. ಹೀಗೆ ಸದ್ದು ಮಾಡಿ ಹೀರುವುದನ್ನು ಚಿಕ್ಕಂದಿನಲ್ಲಿ ಬೈದು ಬಿಡಿಸಿದ್ದ ಹಿರಿಯರನ್ನು ನೆನೆದು ಸಂಕೋಚವಾದರೂ, ದ್ರವ ಬಾಯಿ ತುಂಬ ಹರಡಿ ಪರಿಮಳ ಮೂಗಿಗೇರಲು ಬೇರೆ ದಾರಿಯಿಲ್ಲ.

ಮೊದಲ ಬಟ್ಟಲು ಅದೇ ಎಸ್.795, ತೊಳೆದು ಸಂಸ್ಕರಿಸಿದ್ದು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ಲೋಳೆ ಹೋಗುವವರೆಗೆ ತೊಟ್ಟಿಯಲ್ಲಿ ಹುದುಗಿಸಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್. ಬಿಸಿಯಿದ್ದಾಗ ಅದರಲ್ಲಿ ನನಗೆ ವಿಶೇಷವೇನೂ ತಿಳಿಯಲಿಲ್ಲ. ಆರುತ್ತ ಬಂದಂತೆ ನಾಲಗೆಯ ಎರಡೂ ಬದಿಯಲ್ಲಿ ತೆಳುವಾದ ಹುಳಿ ಕಾಣಿಸಿಕೊಂಡಿತು. ನಿಂಬೆಯಷ್ಟು ಚೂಪಲ್ಲ, ಹೇರಳೆಕಾಯಿಯ ಸಿಪ್ಪೆ ಸುಲಿಯುವಾಗ ಬೆರಳಿಗಂಟುವ ಘಮದ ಹತ್ತಿರದ್ದು. ಕೊನೆಯಲ್ಲಿ ಜೋನಿಬೆಲ್ಲದ ಸಿಹಿ. ಎರಡನೆಯ ಬಟ್ಟಲಿನಲ್ಲಿ ಅದೇ ತೋಟದ, ಅದೇ ತಳಿಯ, ಆದರೆ ಹಣ್ಣನ್ನು ಇಡಿಯಾಗಿಯೇ ಒಣಗಿಸಿದ ಕಾಫಿ. ಅದರಲ್ಲಿ ಒಣದ್ರಾಕ್ಷಿಯ ಗಾಢ ಸಿಹಿ, ಸ್ವಲ್ಪ ಹೆಂಡದ ಛಾಯೆ. ಎರಡೂ ಒಂದೇ ಗಿಡದ ಹಣ್ಣು ಎಂದು ಭಾವನನ್ನು ನಂಬಿಸಲು ಚೀಲದ ಮೇಲಿನ ಚೀಟಿ ತೋರಿಸಬೇಕಾಯಿತು. ಮೂರನೆಯದು ಸೆಲೆಕ್ಷನ್ 9, ಇಥಿಯೋಪಿಯಾ ಮೂಲದ ತಫಾರಿಕೆಲಾ ತಳಿಯನ್ನು ತಿಮೋರ್ ಮಿಶ್ರತಳಿಯೊಂದಿಗೆ ಕೂಡಿಸಿ ಬಾಳೆಹೊನ್ನೂರಿನವರು ರೂಪಿಸಿದ್ದು. ಅದರ ಆವಿಯಲ್ಲಿ ಹೂವಿನ ಘಮ ಸ್ಪಷ್ಟವಾಗಿತ್ತು. ಕಾಫಿಯಲ್ಲಿ ಹೂವಿನ ಘಮ ಎಂಬ ಮಾತನ್ನು ಪೊಟ್ಟಣಗಳ ಮೇಲೆ ಓದಿ ನಕ್ಕಿದ್ದವರಲ್ಲಿ ನಾನೂ ಒಬ್ಬ. ಆ ಬಟ್ಟಲಿನ ಎದುರು ನಗು ಬರಲಿಲ್ಲ.

ನಾಲ್ಕನೆಯ ಬಟ್ಟಲನ್ನು ಅವರು ಏನೂ ಹೇಳದೆ ಮುಂದಿಟ್ಟರು. ಬಾಯಿಗಿಟ್ಟರೆ ಹಸಿ ನೆಲಗಡಲೆ, ಕಾಗದ, ಒಗರು. ಭಾವ ಮುಖ ಕಿವುಚಿದರು. ಅದು ಇನ್ನೊಂದು ತೋಟದ ಮಾದರಿಯಂತೆ, ಒಪ್ಪಿಕೊಳ್ಳದೆ ಹಿಂತಿರುಗಿಸಿದ್ದು. ಆಕೆ ಆ ತೋಟದ ಹುರಿದ ಬೀಜವನ್ನು ಬಿಳಿ ಕಾಗದದ ಮೇಲೆ ಹರಡಿದಾಗ, ಕಂದು ಬೀಜಗಳ ನಡುವೆ ಅಲ್ಲಲ್ಲಿ ಬಿಳಿಚಿಕೊಂಡ ಬೀಜಗಳು ಕಂಡವು. ಇವುಗಳಿಗೆ ಕ್ವೇಕರ್ ಎನ್ನುತ್ತಾರೆ. ಹಣ್ಣಾಗುವ ಮೊದಲೇ ಕಿತ್ತ ಕಾಯಿಯ ಬೀಜದಲ್ಲಿ ಸಕ್ಕರೆ ಸಾಕಷ್ಟು ಕೂಡಿರುವುದಿಲ್ಲ; ಸಕ್ಕರೆಯಿಲ್ಲದೆ ಅದು ಕಂದಾಗುವುದಿಲ್ಲ, ಪರಿಮಳವನ್ನೂ ಕೊಡುವುದಿಲ್ಲ. ಹಸಿ ಬೀಜದಲ್ಲಿ ಇದನ್ನು ಕಣ್ಣಿನಿಂದ ಗುರುತಿಸುವುದು ಬಹು ಕಷ್ಟ. ಹುರಿದ ಮೇಲೆ ಅದು ತಾನಾಗಿಯೇ ಸಿಕ್ಕಿಬೀಳುತ್ತದೆ. “ಇದನ್ನೇ ಕಪ್ಪಾಗೋ ತನಕ ಹುರಿದು, ಚಿಕೋರಿ ಹಾಕಿ, ಹಾಲು ಸೇರಿಸಿ ಕೊಟ್ಟಿದ್ರೆ ನಿಮಗೆ ಗೊತ್ತೇ ಆಗ್ತಿರಲಿಲ್ಲ” ಎಂದು ಆಕೆ ಹೇಳಿದರು.

ನಾನು ಕಡಿಮೆ ಹುರಿದ ಕಾಫಿಯ ಬಗ್ಗೆ ಹೇಳಬೇಕೆಂದಿರುವುದೆಲ್ಲ ಹೆಚ್ಚುಕಡಿಮೆ ಆ ಮಾತಿನೊಳಗಿದೆ. ಗಾಢವಾಗಿ ಹುರಿದಾಗ ಹುರಿತದ ರುಚಿಯೇ ಮೇಲೇರಿ ಕೂರುತ್ತದೆ: ಕಹಿ, ಹೊಗೆ, ಸುಟ್ಟ ಸಕ್ಕರೆ. ಬೀಜದಲ್ಲಿ ಮೊದಲೇ ಇದ್ದ ಸಿಟ್ರಿಕ್, ಮಾಲಿಕ್ ಮೊದಲಾದ ಆಮ್ಲಗಳು ಉರಿಗೆ ಒಡೆದುಹೋಗುತ್ತವೆ. ಹಣ್ಣಿನ ನೆನಪು ತರುವ ನಯವಾದ ಪರಿಮಳಗಳು ಆವಿಯಾಗುತ್ತವೆ. ಒಳ್ಳೆಯ ಬೀಜವೂ ಕೆಟ್ಟ ಬೀಜವೂ ಅಲ್ಲಿ ಬಹುಮಟ್ಟಿಗೆ ಸಮಾನ. ಕಡಿಮೆ ಹುರಿದಾಗ ಆ ಸಮಾನತೆ ಇಲ್ಲ. ಕೊಯ್ಲಿನ ದಿನ ಯಾರು ಯಾವ ಹಣ್ಣನ್ನು ಬಿಡಿಸಿದರು, ಸಂಜೆಯೇ ಪಲ್ಪರ್‌ಗೆ ಹಾಕಿದರೋ ಚೀಲದಲ್ಲಿ ರಾತ್ರಿಯಿಡೀ ಕುದಿಯಲು ಬಿಟ್ಟರೋ, ಹುದುಗಿಸುವ ತೊಟ್ಟಿ ಶುಚಿಯಾಗಿತ್ತೋ, ಕಣದಲ್ಲಿ ಎಷ್ಟು ಹೊತ್ತಿಗೊಮ್ಮೆ ಕೈಯಾಡಿಸಿದರು, ಅಕಾಲದ ಮಳೆ ಬಂದ ಸಂಜೆ ಟಾರ್ಪಾಲು ಹೊದಿಸಲು ಜನವಿದ್ದರೋ ಎಂಬುದೆಲ್ಲ ಬಟ್ಟಲಿನಲ್ಲಿ ಬಂದು ನಿಲ್ಲುತ್ತದೆ. ಹೀಗಾಗಿ ಲೈಟ್ ರೋಸ್ಟನ್ನು ಕುಡಿಯುವವನ ಅಭಿರುಚಿಯ ವಿಷಯವೆಂದಷ್ಟೇ ನೋಡುವುದು ನನಗೆ ಸಾಲದೆನಿಸುತ್ತದೆ. ಅದು ಬೆಳೆಗಾರನ ಕೆಲಸವನ್ನು ಮರೆಯಿಲ್ಲದೆ ತೋರಿಸುವ ಪರೀಕ್ಷೆ. ಒಳ್ಳೆಯ ಕೆಲಸಕ್ಕೆ ಹೆಸರು ಸಿಗುವುದೂ ಅದರಲ್ಲೇ.

ಹಾಗೆಂದು ಈ ಪರೀಕ್ಷೆಯ ವೆಚ್ಚವನ್ನು ಮರೆಯುವಂತಿಲ್ಲ. ಒಂದೇ ಗಿಡದಲ್ಲಿ, ಒಂದೇ ರೆಂಬೆಯಲ್ಲಿ ಹಣ್ಣು, ದೋರೆಗಾಯಿ, ಹಸಿರು ಕಾಯಿ ಒಟ್ಟಿಗೇ ಇರುತ್ತವೆ. ಮಾರ್ಚ್, ಏಪ್ರಿಲಿನ ಹೂಮಳೆ ಒಂದೇ ಸಲ ಸರಿಯಾಗಿ ಬಂದ ವರ್ಷ ಹಣ್ಣಾಗುವುದೂ ಒಟ್ಟಿಗೆ; ಮಳೆ ಚದುರಿದ ವರ್ಷ ಹೂವೂ ಚದುರಿ, ಹಣ್ಣೂ ಚದುರುತ್ತದೆ. ಕೆಂಪಾದದ್ದನ್ನಷ್ಟೇ ಬಿಡಿಸಬೇಕೆಂದರೆ ಒಂದೇ ಸಾಲಿಗೆ ಮೂರು ನಾಲ್ಕು ಬಾರಿ ಹೋಗಬೇಕು. ಕೊಯ್ಲಿಗೆ ಜನ ಸಿಗದೆ, ಸಿಕ್ಕವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲಿ ಬೆರಳುಗಳು ರೆಂಬೆಯನ್ನು ಬುಡದಿಂದ ತುದಿಯವರೆಗೆ ಒರೆಸಿಕೊಂಡು ಬರುವುದು ಸಹಜ. ಸಿಪ್ಪೆ, ಹೊಟ್ಟು ಕಳೆದ ಒಂದು ಕಿಲೋ ಒಣ ಅರೇಬಿಕಾ ಬೀಜಕ್ಕೆ ಸುಮಾರು ಆರು ಕಿಲೋ ಹಣ್ಣು ಬೇಕು. ಹುರಿದಾಗ ಅದರಲ್ಲಿ ಮತ್ತೆ ಶೇ. 12ರಿಂದ 14ರಷ್ಟು ತೂಕ ನೀರಾಗಿ, ಅನಿಲವಾಗಿ ಹೋಗುತ್ತದೆ. ಕಪ್ಪಾಗಿ ಹುರಿದರೆ ಇನ್ನೂ ಹೆಚ್ಚು ಹೋಗುತ್ತದೆ ಎಂಬುದು ಬೇರೆ ಮಾತು. ಪೊಟ್ಟಣದ ಮೇಲಿನ ಬೆಲೆ ಕಂಡು ಹುಬ್ಬೇರಿಸುವ ಮೊದಲು ಈ ಲೆಕ್ಕವನ್ನು ಎದುರಿಗಿಟ್ಟುಕೊಳ್ಳಬೇಕು. ಆ ಬೆಲೆಯಲ್ಲಿ ಕೊಯ್ಲಿನವಳ ಕೈಗೆ ಎಷ್ಟು ಸೇರುತ್ತದೆ ಎಂಬುದನ್ನೂ ಕೇಳಬೇಕು, ನಾನು ಕೇಳಿದೆ. ತಾವು ಕೊಳ್ಳುವ ತೋಟಗಳಲ್ಲಿ ಮಾಗಿದ ಹಣ್ಣು ಬಿಡಿಸಲು ಕಿಲೋ ಲೆಕ್ಕ ಬಿಟ್ಟು ದಿನಗೂಲಿ ಕೊಡುವಂತೆ ಷರತ್ತು ಹಾಕಿದ್ದೇವೆ ಎಂದು ಆತ ಉತ್ತರಿಸಿದರು. ಎಲ್ಲ ಘಟಕಗಳವರೂ ಹಾಗೆ ಮಾಡುತ್ತಾರೆಂದು ನಾನು ಭಾವಿಸುವುದಿಲ್ಲ.

ರೊಬಸ್ಟಾದ ಪ್ರಶ್ನೆ ಎತ್ತಿದವರು ಸಹಜವಾಗಿ ಭಾವ. ಅರೇಬಿಕಾ ಎಂದರೆ ಬೆಟ್ಟದ ಮೇಲಿನವರ ಮಾತು, ಸಮುದ್ರಮಟ್ಟದಿಂದ 1000 ಮೀಟರಿಗಿಂತ ಮೇಲೆ ಚೆನ್ನಾಗಿ ಬರುವಂಥದ್ದು. ಅದರ ಮೇಲೂ ಕಾಂಡಕೊರಕ ಹುಳುವಿನ ಕಾಟ. ನಮ್ಮ ತಗ್ಗಿನ ತೋಟಗಳಿಗೆ ರೊಬಸ್ಟಾವೇ ಗತಿ, ದೇಶದ ಒಟ್ಟು ಕಾಫಿಯಲ್ಲಿ ಹೆಚ್ಚಿನ ಪಾಲೂ ಅದರದೇ. “ನಮ್ಮ ರೊಬಸ್ಟಾನ ಹೀಗೆ ಹುರಿದ್ರೆ ಏನಾಗುತ್ತೆ?” ಎಂದು ಅವರು ಕೇಳಿದಾಗ ಆತ ಮುಚ್ಚುಮರೆಯಿಲ್ಲದೆ ಹೇಳಿದರು: ಅರೇಬಿಕಾದಷ್ಟು ಕಡಿಮೆ ಹುರಿದರೆ ಗೋಣಿಚೀಲದ ವಾಸನೆ, ಬಾರ್ಲಿಯ ಒಗರು. ರೊಬಸ್ಟಾದಲ್ಲಿ ಕೆಫೀನು ಅರೇಬಿಕಾದ ಸುಮಾರು ಇಮ್ಮಡಿ, ಒಗರು ಕೊಡುವ ಕ್ಲೋರೊಜೆನಿಕ್ ಆಮ್ಲವೂ ಹೆಚ್ಚು, ಸಕ್ಕರೆ ಕಡಿಮೆ. ಅದಕ್ಕೆ ಇನ್ನೊಂದಿಷ್ಟು ಉರಿ ಬೇಕು. ಆದರೆ ಹಣ್ಣು ಆರಿಸಿ ಕೊಯ್ದು, ತೊಳೆದು ಸಂಸ್ಕರಿಸಿದ ರೊಬಸ್ಟಾವನ್ನು ಮಧ್ಯಮ ಹದಕ್ಕೆ ಹುರಿದು ಅವರು ಕೊಟ್ಟ ಬಟ್ಟಲಿನಲ್ಲಿ ಗೋಣಿಚೀಲವಿರಲಿಲ್ಲ. ಕೋಕೋ, ಹುರಿದ ಗೇರುಬೀಜ ಮತ್ತು ಕರಿಮೆಣಸನ್ನು ಹೋಲುವ ಒಂದು ಸಣ್ಣ ಖಾರ ಇತ್ತು. ಅಂದು ಭಾವ ಕೊನೆಯ ಗುಟುಕಿನವರೆಗೆ ಕುಡಿದ ಬಟ್ಟಲು ಅದೊಂದೇ. ಆಯ್ದ ಬೀಜದ ‘ಸ್ಪೆಷಾಲಿಟಿ’ ಕಾಫಿಯವರಲ್ಲಿ ರೊಬಸ್ಟಾ ಎಂದರೆ ಮೂಗು ಮುರಿಯುವ ಚಾಳಿಯಿದೆ. ಮಲೆನಾಡಿನ ಎಷ್ಟೋ ತೋಟಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವ ಆ ಚಾಳಿ ನನಗೆ ಸಲ್ಲದು.

ಮನೆಗೆ ತಂದ ಲೈಟ್ ರೋಸ್ಟನ್ನು ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಹಾಕಬಹುದು, ಆದರೆ ಎಂದಿನ ಡಿಕಾಕ್ಷನ್ ನಿರೀಕ್ಷಿಸಬಾರದು. ಚಿಕೋರಿ ನೀರನ್ನು ಹಿಡಿದಿಟ್ಟು ನಿಧಾನವಾಗಿ ಇಳಿಸುತ್ತದೆ, ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಆಹಾರ ನಿಯಮಗಳ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇ. 49ರವರೆಗೆ ಅದಕ್ಕೆ ಅವಕಾಶವಿರುವುದರಿಂದ ನಾವು ಕಾಫಿಯ ಗಟ್ಟಿತನ ಎಂದುಕೊಂಡದ್ದರಲ್ಲಿ ಎಷ್ಟೋ ಪಾಲು ಅದರದೇ ಆಗಿರುತ್ತದೆ. ಅದಿಲ್ಲದ ಲೈಟ್ ರೋಸ್ಟ್ ಬೇಗ ಇಳಿದು ತೆಳುವಾಗಿ ಕಾಣುತ್ತದೆ. ಹಾಲು ಹಾಕಿದರೆ ಹುಳಿಯೂ ಹಾಲೂ ಹೊಂದದೆ ಎರಡಕ್ಕೂ ನಷ್ಟ. ನನ್ನ ವಿಧಾನ ಸರಳ: 15 ಗ್ರಾಂ ಪುಡಿ, ಸಣ್ಣ ರವೆಗಿಂತ ತುಸು ನುಣ್ಣಗೆ; ಕುದಿ ಇಳಿದ ತಕ್ಷಣದ ನೀರು 240 ಮಿಲಿಲೀಟರ್; ಕಾಗದದ ಸೋಸುಕ, ಅದಿಲ್ಲದಿದ್ದರೆ ಒಗೆದು ಒಣಗಿಸಿದ ತೆಳು ಪಂಚೆಯ ತುಂಡು. ಕಡಿಮೆ ಹುರಿದ ಬೀಜ ಗಟ್ಟಿ, ಅದರ ಸಾರ ಸುಲಭವಾಗಿ ಬಿಡುವುದಿಲ್ಲ, ಆದ್ದರಿಂದ ನೀರು ಬಿಸಿಯಾಗಿಯೇ ಇರಬೇಕು. ಸ್ವಲ್ಪ ನೀರು ಹಾಕಿ ಅರ್ಧ ನಿಮಿಷ ಪುಡಿಯನ್ನು ನೆನೆಸಿ, ಉಳಿದದ್ದನ್ನು ಎರಡು ಮೂರು ಸಲಕ್ಕೆ ಹೊಯ್ಯುತ್ತೇನೆ.

ನೀರಿನ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಇದರಲ್ಲಿ ಮಲೆನಾಡಿಗರಿಗೆ ಒಂದು ಅನುಕೂಲವಿದೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಆಮ್ಲವನ್ನು ಕೊಂದುಬಿಡುತ್ತದೆ. ಅಂಥ ನೀರಿನಲ್ಲಿ ಮಾಡಿದ ಲೈಟ್ ರೋಸ್ಟ್ ಸಪ್ಪೆ, ಸುಣ್ಣದ ರುಚಿ. ನಮ್ಮ ಕಡೆಯ ತೆರೆದ ಬಾವಿಯ, ಗುಡ್ಡದಿಂದ ಹರಿದುಬರುವ ಅಬ್ಬಿಯ ನೀರು ಸಾಮಾನ್ಯವಾಗಿ ಮೃದು. ಅದೇ ಪೊಟ್ಟಣದ ಕಾಫಿಯನ್ನು ಬಯಲುಸೀಮೆಯ ಗೆಳೆಯರ ಮನೆಯಲ್ಲಿ ಕುಡಿದಾಗ ಹೇರಳೆಯ ಘಮ ಹುಡುಕಿದರೂ ಸಿಗಲಿಲ್ಲ. ಭಾವನ ಮನೆಯ ಅಬ್ಬಿ ನೀರಿನಲ್ಲಿ ಅದು ಕೊಪ್ಪದ ಬಟ್ಟಲಿಗಿಂತ ಸ್ಪಷ್ಟವಾಗಿತ್ತು.

ಪೊಟ್ಟಣದ ಮೇಲಿನ ವಿವರಗಳಲ್ಲಿ ನಾನು ಈಗ ನೋಡುವುದು ತೋಟದ ಎತ್ತರ, ತಳಿ, ಸಂಸ್ಕರಣೆ ಮತ್ತು ಹುರಿದ ದಿನಾಂಕ. ಬ್ಲೂಬೆರಿ, ಪೀಚ್, ಮಲ್ಲಿಗೆ ಎಂಬ ರುಚಿಪಟ್ಟಿಯನ್ನು ಕೊನೆಗೆ ಓದುತ್ತೇನೆ. ಬ್ಲೂಬೆರಿಯನ್ನು ನಾನು ತಿಂದೇ ಇಲ್ಲ. ನಮ್ಮ ಬೆಟ್ಟದ ಕಾಫಿಯನ್ನು ನಮಗೇ ಮಾರುವಾಗ ಮುರುಗಲು, ನೇರಳೆ, ಕಿತ್ತಳೆ ಎಂದು ಬರೆಯಲು ಏನು ಅಡ್ಡಿ ಎಂದು ಆ ದಂಪತಿಯನ್ನು ಕೇಳಿದೆ. ಹಾಗೆ ಬರೆದರೆ ಬೆಂಗಳೂರಿನವರು ಕೊಳ್ಳುವುದಿಲ್ಲ ಎಂದು ಗಂಡ, ಬರೆದು ನೋಡೋಣ ಎಂದು ಹೆಂಡತಿ.

ಹೊರಡುವ ಮುನ್ನ ಭಾವ ನಮ್ಮ ತೋಟದ ರೊಬಸ್ಟಾ ಒಂದು ಸಲ ಹುರಿದು ಕೊಡುತ್ತೀರಾ ಎಂದು ವಿಚಾರಿಸಿದರು. ಹತ್ತು ಕಿಲೋ ಒಣಬೀಜ ಸಾಕು, ಆದರೆ ಅದರಲ್ಲಿ ಹಸಿರು ಕಾಯಿ ಬೆರೆಯಬಾರದು, ಅಂಗಳದ ಮಣ್ಣಿನ ಮೇಲೆ ಹರಡದೆ ಬಲೆಯ ಅಟ್ಟಣೆ ಕಟ್ಟಿ ಒಣಗಿಸಬೇಕು, ಸಂಜೆ ಇಬ್ಬನಿ ತಾಗದಂತೆ ಮುಚ್ಚಬೇಕು ಎಂಬ ಷರತ್ತುಗಳು ಬಂದವು. ಆ ಹತ್ತು ಕಿಲೋಗೆ ಎಷ್ಟು ಆಳು, ಎಷ್ಟು ಅಡಿಕೆ ದಬ್ಬೆ, ಎಷ್ಟು ಬಲೆ ಎಂದು ಭಾವ ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಮೂಟೆಗೆ ಸಿಗುವ ಬೆಲೆ ಕೈತುಂಬ ಇರುವಾಗ ಈ ಉಸಾಬರಿ ಯಾಕೆ ಎಂದು ತೀರ್ಥಹಳ್ಳಿಯವರೆಗೆ, ಬೆಲೆ ಬಿದ್ದ ವರ್ಷ ಇದೇ ಕೈ ಹಿಡಿಯಬಹುದೇನೋ ಎಂದು ಅಲ್ಲಿಂದ ಮುಂದೆ. ಕೊನೆಗೆ ಮನೆಯ ಹಿಂದಿನ ಎರಡು ಸಾಲನ್ನು ಮಾತ್ರ ಬೇರೆಯಾಗಿ ಕೊಯ್ಯಿಸುವುದೆಂದು ತೀರ್ಮಾನವಾಗಿದೆ. ಅಟ್ಟಣೆಗೆ ದಬ್ಬೆ ಸೀಳಿಸಿ ಇಟ್ಟಿದ್ದಾರೆ; ಬಲೆಯನ್ನು ಶಿವಮೊಗ್ಗದಿಂದ ತರುವ ಕೆಲಸ ನನ್ನ ಪಾಲಿಗೆ ಬಂದಿದೆ.